ನಿಟ್ಟುಸಿರು ಬಿಡದೆ ಕೂರುವ ಕೆಲಸ

ಮಾನಸ, ಭುವನ್,

ಹೋದ ರಜೆಯಲ್ಲಿ ನೀವು ಬಂದಾಗ ನಡೆದದ್ದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಪಕ್ಕದ ಮನೆಯವರು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಮಾನಸ ತನ್ನ ಉಬ್ಬಸದ ಪಂಪನ್ನು, ಅದೇ ಇನ್ಹೇಲರನ್ನು, ದಿಂಬಿನ ಕೆಳಗೆ ತುರುಕಿದಳು. ಅವಳ ಎದೆಯ ಸೀಟಿಯನ್ನು ಅಡಗಿಸಲಾಗಲಿಲ್ಲ. ಅದನ್ನು ಕೇಳಿಸಿಕೊಂಡ ಅವರು, "ಆ ಪಂಪು ಒಂದ್ಸಲ ಹಿಡಿದ್ರೆ ಬಿಡಲ್ಲ ಕಣಮ್ಮಾ. ಬೆಳಿಗ್ಗೆ ಎದ್ದು ಎದೆ ತುಂಬ ಉಸಿರು ಎಳ್ಕೊಂಡು ಬಿಡು, ಎಲ್ಲಾ ಹೋಗುತ್ತೆ" ಅಂದರು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ತಿರುಗಿದರು. ನೀರು ತರುವ ನೆಪದಲ್ಲಿ ಒಳಗೆ ಹೋದೆ.

ನನ್ನ ಸ್ವಭಾವ ನಿಮಗೆ ಗೊತ್ತು. ಹಳ್ಳಿ ಶಾಲೆಯಲ್ಲಿ ಹಾಜರಿ ಕರೆದಾಗಲೂ ನಾನು ಕೈ ಎತ್ತುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಅವತ್ತು ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಈ ಅಜ್ಜಿ ಒಂದಷ್ಟು ಕಾಲ ಆಸ್ಪತ್ರೆಯ ಗಾಡಿಯಲ್ಲಿ ಓಡಾಡುತ್ತಿದ್ದಳು ಎಂಬುದಷ್ಟೇ ನಿಮಗೆ ಗೊತ್ತು. ಆ ಗಾಡಿ ಒಂದು ಮೆಡಿಕಲ್ ಕಾಲೇಜಿನದು. ಅಜ್ಜಂಪುರ, ಕಡೂರು, ತರೀಕೆರೆ ಕಡೆ ಉಬ್ಬಸ ಇದ್ದವರ ಉಸಿರು ಪರೀಕ್ಷೆ ಮಾಡಲು ಬಂದಿತ್ತು. ಅದರಲ್ಲಿ ಒಬ್ಬರು ಡಾಕ್ಟರ್ ಮೇಡಂ, ಉಸಿರು ಅಳೆಯುವ ಮಿಷಿನ್ ನೋಡುವ ಗಂಡಸೊಬ್ಬರು, ಒಬ್ಬ ಡ್ರೈವರ್. ಮೊದಲು ನಿಂತದ್ದು ಅಜ್ಜಂಪುರದಲ್ಲಿ, ಶಾಲೆಯ ಒಂದು ಹಳೇ ಕೊಠಡಿಯ ಮುಂದೆ. ಮಿಷಿನ್ ಇಳಿಸಿ ಆ ಕೊಠಡಿಯೊಳಗೆ ಇಟ್ಟರು.

ಮೊದಲ ದಿನಗಳಲ್ಲಿ ಹೆಂಗಸರ ಪರೀಕ್ಷೆಯೇ ಆಗಲಿಲ್ಲವಂತೆ. ಮಿಷಿನ್‌ನವರು, "ಎದೆ ಉಬ್ಬಿಸಿ ಉಸಿರು ಎಳ್ಕೊಳ್ಳಿ" ಎಂದರೆ ಯಾವ ಹೆಂಗಸು ಎಳೆದುಕೊಂಡಾಳು? ಸೆರಗು ಬಿಗಿ ಮಾಡಿಕೊಂಡು, ಬಾಯಿ ಮುಚ್ಚಿಕೊಂಡು ನಕ್ಕು, ಗುಬ್ಬಚ್ಚಿಯಷ್ಟು ಎಳೆದು ಊದುತ್ತಿದ್ದರು. ಆಗ ಆರೋಗ್ಯ ಕೇಂದ್ರದ ಸಿಸ್ಟರ್ ನನ್ನನ್ನು ಹುಡುಕಿಕೊಂಡು ಬಂದರು.

"ಹೆಂಗಸರ ಹತ್ರ ಇರೋಕೆ ಒಬ್ರು ಬೇಕು, ಬನ್ನಿ ಅಮ್ಮಾ. ಮಾತಾಡೋ ಕೆಲ್ಸ ಅಲ್ಲ, ಸುಮ್ನೆ ಕೂತ್ಕೊಳೋ ಕೆಲ್ಸ."

ಸುಮ್ಮನೆ ಕೂರುವುದು ನನಗೆ ಬರುತ್ತದೆ. ಹೋದೆ. ಆದರೂ ಅನುಮಾನ ಬಿಡಲಿಲ್ಲ. ಕಾಸು ಕೇಳದೆ ಊರೂರು ತಿರುಗಿ ಉಸಿರು ನೋಡುವವರಿಗೆ ಇದರಿಂದ ಏನು ಸಿಗುತ್ತದೆ? ಹೊರಗೆ ಬೆಂಚಿನ ಮೇಲೆ ಕೂತವರಿಗೂ ಅದೇ ಅನುಮಾನ.

"ನಮ್ ಉಸಿರು ತಗೊಂಡೋಗಿ ಇವ್ರೇನ್ ಮಾಡ್ತಾರೆ?" ಅಂದಳು ಒಬ್ಬಳು.

"ಕಂಪ್ಯೂಟರ್‌ಗೆ ಹಾಕ್ಕೊಂತಾರಂತೆ ಕಣೇ. ಆಮೇಲೆ ಆಧಾರ್‌ಗೆ ಜೋಡಿಸ್ತಾರಂತೆ."

"ಅಯ್ಯೋ, ರೇಷನ್ ಕಾರ್ಡಲ್ಲಿ ಹೆಸರು ಹೋದ್ರೆ?"

"ನಿಂದು ಹೋಗಲ್ಲ ಬಿಡು. ನಿನ್ ಗಾಳಿ ಹಿಡಿಯೋ ಕಂಪ್ಯೂಟರ್ ಇನ್ನೂ ಬಂದಿಲ್ಲ."

ಮೇಡಂ ಕೆಲಸವನ್ನು ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟರು. ಉಬ್ಬಸ ಇಲ್ಲದವರು ಒಮ್ಮೆ ಎದೆ ತುಂಬ ಉಸಿರು ಎಳೆದುಕೊಂಡರೆ ಒಳಗಿನ ಶ್ವಾಸದ ಕೊಳವೆಗಳು ಹಿಗ್ಗಿ, ಬಿಗಿಯಿದ್ದರೆ ಸಡಿಲವಾಗುತ್ತವೆ. ಉಬ್ಬಸ ಇರುವವರಲ್ಲಿ ಅಷ್ಟಾಗಿ ಹಿಗ್ಗುವುದಿಲ್ಲ. ಕೆಲವರಲ್ಲಿ ಆ ದೊಡ್ಡ ಉಸಿರಿನಿಂದಲೇ ಕೊಳವೆ ಇನ್ನಷ್ಟು ಬಿಗಿಯುತ್ತದೆ. ಯಾರಲ್ಲಿ ಹಿಗ್ಗುತ್ತದೆ, ಯಾರಲ್ಲಿ ಬಿಗಿಯುತ್ತದೆ ಎಂದು ತಿಳಿಯಲೆಂದೇ ಅವರು ಬಂದದ್ದು.

ಪರೀಕ್ಷೆಯ ಕ್ರಮ ಹೀಗಿತ್ತು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಹೊತ್ತು ದೊಡ್ಡ ಉಸಿರು ಎಳೆಯದಂತೆ ಕಾಯಬೇಕು. ಆಕಳಿಸಬಾರದು, ಜೋರಾಗಿ ನಗಬಾರದು, ಎದೆ ತುಂಬಿಕೊಳ್ಳಬಾರದು. ಆಮೇಲೆ ಮೂಗಿಗೆ ಕ್ಲಿಪ್ ಹಾಕಿ, ಎಂದಿನ ಸಣ್ಣ ಉಸಿರಿನಿಂದಲೇ ಕೊಳವೆಯೊಳಗೆ ಜೋರಾಗಿ ಊದಿಸುವುದು. ಮಿಷಿನ್ನಿನ ಪರದೆಯ ಮೇಲೆ ಒಂದು ಗೆರೆ ಬರುತ್ತದೆ. ಕೂಡಲೇ ಎದೆ ತುಂಬ ಎಳೆಸಿ ಮತ್ತೆ ಊದಿಸುವುದು. ಇನ್ನೊಂದು ಗೆರೆ. ಎರಡನೆಯದು ಮೊದಲನೆಯದಕ್ಕಿಂತ ಕೆಳಗೆ ಬಿದ್ದರೆ ದೊಡ್ಡ ಉಸಿರು ಕೊಳವೆಯನ್ನು ಬಿಗಿದಿದೆ, ಮೇಲೆ ಹೋದರೆ ತೆರೆದಿದೆ. ಪರೀಕ್ಷೆಗೆ ಎಷ್ಟು ಹೊತ್ತು ಮುಂಚೆ ಪಂಪು ನಿಲ್ಲಿಸಬೇಕೆಂದು ಮೇಡಂ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುತ್ತಿದ್ದರು. ಮೇಜಿನ ಮೇಲೆ ಒಂದು ಪಂಪು ಸದಾ ಕೈಗೆ ಸಿಗುವಂತೆ ಇರುತ್ತಿತ್ತು.

ನನ್ನ ಕೆಲಸ ಎರಡು. ದೊಡ್ಡ ಉಸಿರು ಹೇಗೆ ಎಳೆಯಬೇಕೆಂದು ಹೆಂಗಸರಿಗೆಂದು ಕಟ್ಟಿದ್ದ ಬಟ್ಟೆಯ ಪರದೆಯ ಈಚೆಗೆ ನಾನೇ ಎಳೆದು ತೋರಿಸುವುದು. ಮೊದಮೊದಲು ನನಗೂ ನಾಚಿಕೆಯಾಯಿತು. ಇನ್ನೊಂದು, ಕಾಯುವಷ್ಟು ಹೊತ್ತು ಅವರ ಎದುರಿಗೆ ಕೂತು, ಯಾರೂ ದೊಡ್ಡ ಉಸಿರು ಎಳೆಯದಂತೆ ನೋಡಿಕೊಳ್ಳುವುದು. ಎಳೆದರೆ ಮೊದಲಿನಿಂದ ಕಾಯಿಸಬೇಕು. ಆಕಳಿಸಿದವರನ್ನೆಲ್ಲ ನಾನು ಮತ್ತೆ ಕಾಯಿಸಿದೆ. ನಕ್ಕವರನ್ನೂ ಕಾಯಿಸಿದೆ. ಕೆಲಸ ಸರಿಯಾಗಿಯೇ ನಡೆಯುತ್ತಿದೆ ಅಂದುಕೊಂಡಿದ್ದೆ.

ಮಿಷಿನ್‌ನವರಿಗೆ ಹಾಗನ್ನಿಸಲಿಲ್ಲ. ಒಂದು ದಿನ ನನಗೆ ಹುಷಾರಿಲ್ಲದೆ ಸಿಸ್ಟರ್ ನನ್ನ ಜಾಗದಲ್ಲಿ ಕೂತಿದ್ದರು. ಮಾರನೆಯ ದಿನ ಮಿಷಿನ್‌ನವರು ನನ್ನನ್ನು ಕರೆದು ಗೆರೆಗಳನ್ನು ತೋರಿಸಿದರು.

"ನೋಡಿ ಅಮ್ಮಾ. ನಿನ್ನೆ ಎರಡು ಗೆರೆ ಬೇರೆಬೇರೆ ನಿಂತಿವೆ. ನೀವು ಕೂತ ದಿನ ಎರಡೂ ಅಂಟ್ಕೊಂಡು ತಳದಲ್ಲಿ ಬಿದ್ದಿರ್ತವೆ. ನಾನೇನ್ ಅನ್ಕೋಬೇಕು?"

ನಾನು ಬಗ್ಗಿ ಗೆರೆಗಳನ್ನೇ ನೋಡಿದೆ.

"ನಿದ್ದೆ ಮಾಡ್ತೀರಾ?"

ಇಲ್ಲವೆಂದು ತಲೆ ಆಡಿಸಿದೆ.

"ಗೊತ್ತಿರೋರು ಅಂತ ಬಿಟ್ಬಿಡ್ತೀರಾ? ಒಳಗೇ ಊದೋದು ಅಭ್ಯಾಸ ಮಾಡಿಸ್ತೀರಾ?"

ಅವತ್ತಿನಿಂದ ಅವರು ಬಟ್ಟೆಯ ಪರದೆಯನ್ನು ಒಂದು ಬೆರಳಿನಷ್ಟು ಸರಿಸಿ ಇಡತೊಡಗಿದರು. ಆ ಸಂದಿಯಲ್ಲಿ ಒಂದು ಕಣ್ಣು ಕಾಣುತ್ತಿತ್ತು. ಇಡೀ ಬೆಳಿಗ್ಗೆ ನೋಡಿದರು. ತಪ್ಪು ಸಿಗಲಿಲ್ಲ. ಗೆರೆಗಳು ಮಾತ್ರ ಹಾಗೇ ಅಂಟಿಕೊಂಡಿದ್ದವು. ಕಳ್ಳತನ ಮಾಡದೆಯೂ ಕಳ್ಳಿಯ ಹಾಗೆ ಕೂರುವುದು ಬಲು ಕಷ್ಟ.

ಅವರು ನನ್ನನ್ನು ನೋಡಿದಂತೆ ನಾನೂ ಅವರನ್ನು ನೋಡತೊಡಗಿದೆ. ಅವರು ಬೆಳಿಗ್ಗೆ ಮಿಷಿನ್ನಿಗೆ ಕುಂಕುಮ ಇಟ್ಟು ಊದುಬತ್ತಿ ಹಚ್ಚಿ, ಅದನ್ನು ಮೇಜಿನ ಸಂದಿಗೆ ಸಿಕ್ಕಿಸುತ್ತಿದ್ದರು. ಹೊಗೆ ನೇರವಾಗಿ ಹೆಂಗಸರ ಕುರ್ಚಿಯ ಕಡೆಗೇ ಬರುತ್ತಿತ್ತು. ಸಿಸ್ಟರ್ ಕೂತ ದಿನ ಊದುಬತ್ತಿ ಹಚ್ಚಿದ್ದರೋ ಇಲ್ಲವೋ ಯಾರಿಗೆ ಗೊತ್ತು? ಉಬ್ಬಸದವರಿಗೆ ಹೊಗೆ ಆಗುವುದಿಲ್ಲ ಎಂಬುದು ನನಗೂ ಗೊತ್ತಿದ್ದ ವಿಷಯ. ಮೇಡಂ ಒಬ್ಬರೇ ಇದ್ದಾಗ ಕಡ್ಡಿಯನ್ನು ಬೆರಳು ಮಾಡಿ ತೋರಿಸಿದೆ. ಅವರು, "ಅಯ್ಯೋ, ಇದನ್ನ ಯಾರು ಇಲ್ಲಿಟ್ಟಿದ್ದು?" ಎಂದು ತಾವೇ ಆರಿಸಿದರು.

ಮಿಷಿನ್‌ನವರು ಆಮೇಲೆ ವಿಷಯ ತಿಳಿದು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮರುದಿನದಿಂದ ಊದುಬತ್ತಿ ಕೊಠಡಿಯ ಹೊರಗಡೆ ಉರಿಯಿತು. ಗೆರೆಗಳು ಬದಲಾಗಲಿಲ್ಲ.

"ದೇವರ ಮೇಲೂ ತಪ್ಪು ಹಾಕಿ ನೋಡಿದ್ದಾಯ್ತು. ಇನ್ಯಾರ ಮೇಲೆ ಹಾಕ್ತೀರಾ?" ಅಂದರು ಅವರು.

ಕಡೂರಿಗೆ ಹೋದೆವು. ಅಲ್ಲಿಯೂ ಹಾಗೇ. ಡ್ರೈವರ್ ನೋಡಿಕೊಳ್ಳುತ್ತಿದ್ದ ಗಂಡಸರ ಗೆರೆಗಳು ಬೇರೆಬೇರೆಯಾಗಿ ನಿಲ್ಲುತ್ತಿದ್ದವು, ನನ್ನ ಹೆಂಗಸರ ಗೆರೆಗಳು ಅಂಟಿಕೊಳ್ಳುತ್ತಿದ್ದವು. ಮೇಡಂ ಬಯ್ಯಲಿಲ್ಲ. ಆದರೆ ನನ್ನನ್ನು ಮಾತಾಡಿಸುವಾಗ ಸ್ವಲ್ಪ ಯೋಚಿಸಿ ಮಾತಾಡತೊಡಗಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಮೇಲೆ ತರೀಕೆರೆ. ಪೇಟೆಯೊಳಗಿನ ಒಂದು ಸಭಾಂಗಣ. ಅಲ್ಲಿಗೆ ಒಬ್ಬ ಮಗ ತಾಯಿಯನ್ನು ಕರೆದುಕೊಂಡು ಬಂದ. ತಾಯಿ ಬಜಾರಿನಲ್ಲಿ ಹತ್ತಿ ತುಂಬಿ ಹಾಸಿಗೆ ಹೊಲಿಯುವವರು, ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮಗ ಗೂಡ್ಸ್ ಆಟೋ ಓಡಿಸುತ್ತಿದ್ದ. ಬಂದವನೇ ಮೇಡಂ ಮುಂದೆ ನಿಂತ.

"ಮೇಡಂ, ಸುತ್ತಿ ಬಳಸಿ ಬೇಡ. ಅಮ್ಮಿನ ಉಸಿರಾಟದ ಕ್ಲಾಸಿಗೆ ಕಳಿಸ್ತಿದೀನಿ. ದೊಡ್ಡ ಉಸಿರು ಎಳ್ಕೊಂಡ್ರೆ ಸಾಕು, ಪಂಪು ಬಿಡಿಸ್ಬಿಡಿ ಅಂತ ಅಲ್ಲಿ ಹೇಳಿದಾರೆ. ನೀವು ಡಾಕ್ಟ್ರುಗಳು ಬೇಡ ಅಂತೀರಿ, ನಿಮಗೆ ಪಂಪಿನ ಕಂಪನಿಯವ್ರು ಏನ್ ಕೊಡ್ತಾರೋ ನಂಗೊತ್ತಿಲ್ಲ. ಮಿಷಿನ್ ಸುಳ್ಳು ಹೇಳಲ್ವಲ್ಲ? ದೊಡ್ಡ ಉಸಿರಿಂದ ಕೆಡುಕಿಲ್ಲ ಅಂತ ಮಿಷಿನ್ ಹೇಳಿದ್ರೆ ಇವತ್ತಿಂದ ಪಂಪು ಬಂದ್."

"ಹಾಗೆಲ್ಲ ನಿಲ್ಲಿಸೋ ಹಾಗಿಲ್ಲಪ್ಪ. ಹೋದ ಚಳಿಗಾಲದಲ್ಲಿ ಇವ್ರಿಗೆ ಏನಾಗಿತ್ತು?" ಎಂದು ಮೇಡಂ ಅವರ ಆಸ್ಪತ್ರೆ ಚೀಟಿ ನೋಡುತ್ತ ಕೇಳಿದರು.

ಖಾಲಾ ಅವರೇ ಹೇಳಿದರು. ಉಸಿರು ಸಿಕ್ಕದೆ ತುಟಿ ನೀಲಿಯಾಗಿ, ಅದೇ ಗೂಡ್ಸ್ ಆಟೋದಲ್ಲಿ ಹಾಸಿಗೆಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. "ನಾನೇ ಹೊಲಿದ ಹಾಸಿಗೆ ಮೇಲೆ ನಾನೇ ಹೋಗೋದಿತ್ತು" ಎಂದು ನಕ್ಕರು. ಮಗ ನಗಲಿಲ್ಲ. ಪಂಪು ಬಿಡಿಸುವುದರಲ್ಲೇ ತಾಯಿಯ ಉಳಿವಿದೆ ಎಂದು ಅವನು ನಿಜವಾಗಿಯೂ ನಂಬಿದ್ದ. ಅದಕ್ಕೇ ಅವನ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಭಯವಾಗುತ್ತಿತ್ತು.

ಖಾಲಾ ಮೆಟ್ಟಿಲು ಹತ್ತಿ ಬಂದು ನನ್ನ ಎದುರು ಕೂತರು. ಅವರ ಉಸಿರು ಹಗುರವಾಗಿತ್ತು. ನನ್ನ ಹಣೆ ನೋಡಿದರು, ಕೊರಳು ನೋಡಿದರು, ಬಳೆಯಿಲ್ಲದ ಕೈ ನೋಡಿದರು.

"ನಿಮ್ ಮನೆಯವ್ರು ಇಲ್ವಾ?"

ಇಲ್ಲವೆಂದೆ.

"ಹಾಯ್ ಅಲ್ಲಾ..." ಎಂದು ತಮ್ಮ ಕೊರಳಿನ ಕರಿಮಣಿಯನ್ನು ಹಿಡಿದುಕೊಂಡು ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ.

"ಮಕ್ಳು?"

"ಒಬ್ಳು ಮಗ್ಳು. ಶಿವಮೊಗ್ಗದಲ್ಲಿದಾಳೆ."

"ಒಬ್ರೇ ಇರ್ತೀರಾ ಹಂಗಾದ್ರೆ! ಯಾ ಅಲ್ಲಾ..." ಮತ್ತೊಂದು.

ಸಮಯವಾಯಿತು. ಊದಿಸಿದರು. ಎರಡು ಗೆರೆಗಳೂ ತಳದಲ್ಲಿ ಅಂಟಿಕೊಂಡವು.

ಮೇಡಂ ಪರದೆ ನೋಡಿ, "ದೊಡ್ಡ ಉಸಿರಿಂದ ಅಂಥ ವ್ಯತ್ಯಾಸ ಕಾಣ್ತಿಲ್ಲ. ಆದ್ರೆ ಒಟ್ಟಾರೆ ಕೊಳವೆ ಬಿಗಿಯಾಗೇ ಇದೆ, ಪಂಪು ಮಾತ್ರ..." ಎನ್ನುವಷ್ಟರಲ್ಲಿ ಮಗ ಎದ್ದ.

"ಅಷ್ಟು ಸಾಕು ಮೇಡಂ. ವ್ಯತ್ಯಾಸ ಇಲ್ಲ. ನೀವೇ ಹೇಳಿದ್ರಿ. ಬಾ ಅಮ್ಮಿ."

ಮೇಡಂ ಹಿಂದೆಯೇ ಹೋಗಿ ಹೇಳುತ್ತಿದ್ದರು. ಅವನು ಕೇಳುತ್ತಿರಲಿಲ್ಲ. ಖಾಲಾ ನನ್ನ ಪಕ್ಕದಿಂದ ಹಾದು ಹೋದಾಗ ಅವರ ಎದೆಯ ಸೀಟಿ ಕೇಳಿಸಿತು. ಈ ಸೀಟಿ ಮೆಟ್ಟಿಲು ಹತ್ತಿ ಬಂದಾಗ ಇರಲಿಲ್ಲ. ಊದುವುದಕ್ಕೆ ಮುಂಚೆಯೇ, ನನ್ನೆದುರು ಕೂತಿದ್ದಾಗಲೇ ಸಣ್ಣಗೆ ಶುರುವಾಗಿತ್ತು. ನಡುವೆ ಅವರು ಮಾಡಿದ್ದಾದರೂ ಏನು? ಆಕಳಿಸಲಿಲ್ಲ. ಜೋರಾಗಿ ನಗಲಿಲ್ಲ. ನನ್ನನ್ನು ನೋಡಿ ಮರುಗಿದರು, ಅಷ್ಟೇ.

ಅಜ್ಜಂಪುರದಲ್ಲಿ, ಕಡೂರಿನಲ್ಲಿ, ನನ್ನ ಎದುರು ಕೂತ ಪ್ರತಿಯೊಬ್ಬಳೂ ಅದನ್ನೇ ಮಾಡಿದ್ದಳು. "ಅಯ್ಯೋ ಶಿವನೇ", "ಪಾಪ", "ನಿಮ್ಗೂ ಹಿಂಗಾಯ್ತಾ". ಪ್ರತಿ ಮಾತಿಗೂ ಎದೆ ತುಂಬ ಒಂದು ಉಸಿರು. ನಮ್ಮ ಕಡೆ ಗಂಡನಿಲ್ಲದವಳ ಎದುರು ಹೆಂಗಸರು ಹಾಗೆ ಮಾಡದಿದ್ದರೆ ಅದು ಕಲ್ಲೆದೆ. ನಾನು ನಿಟ್ಟುಸಿರಿಗೆ ನಿಟ್ಟುಸಿರು ಕೊಡದಿದ್ದರೆ ಸೊಕ್ಕು. ನಮಗೆ ಅದು ಉಸಿರಾಟವೇ ಅಲ್ಲ, ಮಾತು. ಮಾತನ್ನು ನಾನು ಯಾಕೆ ತಡೆಯಬೇಕಿತ್ತು? ಪರದೆಯ ಸಂದಿಯಿಂದ ನೋಡಿದವರಿಗೂ ಅದು ಮಾತಾಗಿಯೇ ಕಂಡಿತ್ತು. ಸಿಸ್ಟರ್ ಎದುರು ಯಾರೂ ಹಾಗೆ ಮರುಗುವುದಿಲ್ಲ. ಅವರ ಹಣೆಯಲ್ಲಿ ಕುಂಕುಮವಿದೆ, ಬಾಯಲ್ಲಿ ಗದರಿಕೆಯಿದೆ. ದೊಡ್ಡ ಉಸಿರಿನಿಂದ ಬಿಗಿಯುವ ಕೊಳವೆ ಪರೀಕ್ಷೆಗೆ ಮುಂಚೆ ನನ್ನ ಎದುರೇ ಬಿಗಿದುಹೋಗುತ್ತಿತ್ತು. ಆಮೇಲೆ ಎರಡು ಗೆರೆಗೂ ಬೀಳಲು ಜಾಗವೆಲ್ಲಿ?

ಹೇಳಿದರೆ ಅಲ್ಲಿಯವರೆಗಿನ ಹೆಂಗಸರ ಪರೀಕ್ಷೆಯೆಲ್ಲ ಮಣ್ಣುಪಾಲು. ಹೇಳಬೇಕಾದದ್ದೂ ಎಂಥ ಮಾತು! ನನ್ನ ಬೋಳು ಹಣೆಯನ್ನು ನಾನೇ ಸಭೆಗೆ ತೋರಿಸಿ, ಇದರಿಂದ ಹೀಗಾಯಿತು ಎನ್ನುವುದು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಖಾಲಾ ಮಾತ್ರ ಪಂಪಿಲ್ಲದೆ ಹತ್ತಿಯ ಧೂಳಿನಲ್ಲಿ ಕೂರುತ್ತಾರೆ. ಅವರು ಆಗಲೇ ಮೆಟ್ಟಿಲಿಗೆ ಕಾಲಿಟ್ಟಿದ್ದರು.

"ನಿಲ್ಲಿ!" ಎಂದೆ. ಅಷ್ಟು ಜೋರು ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. "ಆ ಪರೀಕ್ಷೆ ಸರಿಯಿಲ್ಲ. ಇವ್ರು ನನ್ನ ನೋಡಿ ನಿಟ್ಟುಸಿರು ಬಿಟ್ರು. ಎಲ್ರೂ ಬಿಡ್ತಾರೆ. ನನಗೆ ಗಂಡ ಇಲ್ಲ ಅಂತ."

ಮಿಷಿನ್‌ನವರೇ ಮೊದಲು ಬಾಯಿ ತೆರೆದರು.

"ನಿಟ್ಟುಸಿರಾ? ನಾನೇ ನೋಡಿದೀನಲ್ರೀ, ಒಬ್ರೂ..." ಎಂದವರು ಅಲ್ಲಿಗೇ ನಿಲ್ಲಿಸಿ ಹಣೆ ಉಜ್ಜಿಕೊಂಡರು. "ಬಿಟ್ಟಿದಾರೆ. ಬಿಡ್ತಾನೇ ಇರ್ತಾರೆ. ಅದನ್ನ ಯಾರ್ರೀ ಲೆಕ್ಕಕ್ಕೆ ಇಡ್ತಾರೆ?"

ಮೇಡಂ ಗೆರೆಗಳನ್ನು ಮತ್ತೆ ನೋಡಿದರು. "ಹಾಗಾಗಿದ್ರೆ ಇದನ್ನ ನಂಬೋ ಹಾಗಿಲ್ಲ. ನಾಳೆ ಇನ್ನೊಮ್ಮೆ ಮಾಡೋಣ" ಅಂದರು.

ಮಗ ಕೆರಳಿದ. "ಚೆನ್ನಾಗಿದೆ! ಆಗ ವ್ಯತ್ಯಾಸ ಇಲ್ಲ ಅಂದ್ರಿ, ಈಗ ಪರೀಕ್ಷೆನೇ ಸರಿ ಇಲ್ಲ ಅಂತೀರಿ. ನಿಮಗೆ ಬೇಕಾದ ಉತ್ತರ ಬರೋವರೆಗೂ ಊದಿಸ್ತೀರಾ?"

ಅವನ ಅನುಮಾನದಲ್ಲಿ ತಪ್ಪಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ಆದರೆ ಖಾಲಾ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. "ನಿಮ್ಮನ್ನ ನೋಡಿದ್ರೆ ನಂಗೆ ದಮ್ಮು ಬರುತ್ತೆ ಅಂತಾಯ್ತಲ್ಲಮ್ಮಾ!" ಎಂದು ಸೀಟಿಯ ನಡುವೆಯೇ ನಕ್ಕರು. ನನಗೂ ನಗು ಬಂತು. ಮಗನಿಗೆ, "ಜಗಳ ನಕ್ಕೋ ಬೇಟಾ, ಬೇಡ. ಇಷ್ಟು ನಾಚೋ ಹೆಂಗ್ಸು ಬಾಯ್ಬಿಟ್ಟು ಹೇಳಿದಾಳೆ. ನಾಳೆ ಬರ್ತೀನಿ" ಅಂದರು.

ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದರು. ಮಗನೂ ಬಂದ, ನಮ್ಮೆಲ್ಲರ ಕೈ ಕಾಯುವವನಂತೆ ಮಿಷಿನ್ನಿನ ಪಕ್ಕದಲ್ಲೇ ನಿಂತ. ಈ ಸಲ ಕುರ್ಚಿಯನ್ನು ಗೋಡೆಗೆ ಮುಖ ಮಾಡಿಸಿದ್ದೆ. ನಾನು ಹಿಂದೆ ಕೂತೆ. ಖಾಲಾ ಜಪಮಣಿ ಹಿಡಿದು ಸದ್ದಿಲ್ಲದೆ ಎಣಿಸತೊಡಗಿದರು. ಮುಖ ಕಾಣದಿದ್ದರೇನು, ದೊಡ್ಡ ಉಸಿರು ಬರುವ ಮುಂಚೆ ಹೆಗಲು ಏಳುತ್ತದೆ ಎಂದು ಅವತ್ತು ತಿಳಿಯಿತು. ಒಮ್ಮೆ ಅವರ ಹೆಗಲು ಏಳತೊಡಗಿತು. ಮೆಲ್ಲಗೆ ಅಂಗೈ ಇಟ್ಟೆ. ಇಳಿಯಿತು.

ಸಣ್ಣ ಉಸಿರಿನಿಂದ ಊದಿದರು. ಗೆರೆ ನಿನ್ನೆಗಿಂತ ಎಷ್ಟೋ ಮೇಲೆ ಹೋಯಿತು. ಆಮೇಲೆ ಎದೆ ತುಂಬ ಎಳೆದು ಊದಿದರು. ಗೆರೆ ಕುಸಿಯಿತು. ಪರದೆ ನೋಡುವ ಅಗತ್ಯವೇ ಇರಲಿಲ್ಲ. ಸೀಟಿ ಕೋಣೆಗೆಲ್ಲ ಕೇಳಿಸುತ್ತಿತ್ತು.

ಮಗ ಅಷ್ಟಕ್ಕೆ ಒಪ್ಪಲಿಲ್ಲ. "ನಂಗೂ ಹಾಕಿ" ಎಂದು ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು ಕೂತ. ಮೇಡಂ ಖಾಲಾ ಕಡೆ ನೋಡಿದಾಗ ಅವರು, "ತಡ್ಕೋತೀನಿ, ಅವ್ನು ನೋಡ್ಲಿ" ಅಂದರು. ಅವನನ್ನೂ ಹಾಗೇ ಕಾಯಿಸಿ ಊದಿಸಿದರು. ಅವನ ಎರಡನೆಯ ಗೆರೆ ಮೊದಲನೆಯದಕ್ಕಿಂತ ಚೂರು ಮೇಲೆಯೇ ಇತ್ತು.

"ಅದೇ ಮಿಷಿನ್ನು" ಎಂದರು ಮಿಷಿನ್‌ನವರು.

ಅವನು ಕ್ಲಿಪ್ ತೆಗೆದು, "ಹಂಗಾದ್ರೆ ಪಂಪು ಹೊಡ್ಕೊಳ್ಳೋವಾಗ್ಲೂ ಉಸಿರು ಎಳ್ಕೊಳ್ಳಲೇಬೇಕಲ್ಲ ಮೇಡಂ?" ಎಂದು ಕೇಳಿದ.

"ಎಳ್ಕೋಬೇಕಪ್ಪ, ನಿಧಾನವಾಗಿ. ಅದರ ಜೊತೆ ಕೊಳವೆ ಬಿಚ್ಚೋ ಔಷಧಿ ಹೋಗುತ್ತಲ್ಲ. ಕ್ಲಾಸಿನ ಉಸಿರಲ್ಲಿ ಆ ಔಷಧಿ ಎಲ್ಲಿದೆ?"

ಮೇಡಂ ಮೇಜಿನ ಮೇಲಿದ್ದ ಪಂಪಿಗೆ ಕೈ ಚಾಚಿದರು. ಅಷ್ಟರಲ್ಲಿ ಮಗ ತನ್ನ ಶರ್ಟಿನ ಜೇಬಿಗೆ ಕೈ ಹಾಕಿ ತಾಯಿಯ ಪಂಪನ್ನು ತೆಗೆದ.

"ನಿನ್ ಹತ್ರ ಇತ್ತಾ?" ಅಂದರು ಖಾಲಾ. "ಮನೆಯೆಲ್ಲಾ ಹುಡುಕಿದೆನಲ್ಲೋ!"

"ಹೂಂ ಅಮ್ಮಿ."

ಪಂಪನ್ನು ಕುಲುಕಿ, ಮುಚ್ಚಳ ತೆಗೆದು, ತಾನೇ ತಾಯಿಯ ಬಾಯಿಯ ಹತ್ತಿರ ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಊದಿಸಿದಾಗ ಗೆರೆ ಏರಿತು. ಅವನು ಅದನ್ನು ನೋಡಲಿಲ್ಲ. ತಾಯಿಯ ಎದೆಗೆ ಕಿವಿ ಕೊಟ್ಟು ನಿಂತಿದ್ದ.

ನಾವು ಅಜ್ಜಂಪುರಕ್ಕೂ ಕಡೂರಿಗೂ ವಾಪಸು ಹೋಗಿ ಹೆಂಗಸರ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆವು. ಕೆಲವರು ಬರಲೇ ಇಲ್ಲ. ರೇಷನ್ ಕಾರ್ಡಿನ ಚಿಂತೆಯವಳು, "ಮೊದ್ಲು ತಗೊಂಡ ಉಸಿರು ಏನ್ಮಾಡಿದ್ರಿ? ಅದನ್ನ ವಾಪಸ್ ಕೊಟ್ರೆ ಇನ್ನೊಂದು ಕೊಡ್ತೀನಿ" ಅಂದಳು. ಬಂದವರಲ್ಲಿ ಎಲ್ಲರ ಗೆರೆಯೂ ಖಾಲಾ ಅವರದರಂತೆ ಕುಸಿಯಲಿಲ್ಲ. ಕೆಲವರದು ಇದ್ದಲ್ಲೇ ಇತ್ತು, ಒಬ್ಬಿಬ್ಬರದು ಮೇಲಕ್ಕೂ ಹೋಯಿತು. ಆದ್ದರಿಂದ ಎಲ್ಲರಿಗೂ ಇದೊಂದೇ ಮದ್ದು ಎನ್ನುವವರನ್ನು ಕಂಡರೆ ನನಗೆ ಈಗಲೂ ಅನುಮಾನ. ಮಿಷಿನ್‌ನವರು ಬೆಳಿಗ್ಗೆ ಬೆಳಿಗ್ಗೆ ತಾವೇ ನನ್ನ ಕುರ್ಚಿಯನ್ನು ಹಿಂದಕ್ಕೆ ಎತ್ತಿಡತೊಡಗಿದರು. ಪರದೆಯ ಸಂದಿಯನ್ನು ಮಾತ್ರ ಕೊನೆಯವರೆಗೂ ಮುಚ್ಚಲಿಲ್ಲ.

ಮಾನಸ, ನಿನ್ನ ಡಾಕ್ಟರು ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ಮಾಡು, ಪಂಪಿನ ಜೊತೆಗೆ ಮಾಡು. ಪಂಪಿನ ಬದಲಿಗೆ ಮಾಡು ಅಂದವರನ್ನು, ಅವರು ಎಷ್ಟೇ ಪ್ರೀತಿಯಿಂದ ಹೇಳಿದ್ದರೂ, ನಂಬಬೇಡ. ನನ್ನನ್ನೂ ಪೂರಾ ನಂಬಬೇಡ, ಹೋಗಿ ಡಾಕ್ಟರನ್ನೇ ಕೇಳು. ಭುವನ್, ಅಕ್ಕನ ಪಂಪು ನೋಡಿ ಯಾರಾದರೂ ನಕ್ಕರೆ ಅವರಿಗೆ ಖಾಲಾ ಕಥೆ ಹೇಳು. ನಿನಗೆ ನನ್ನ ಹಾಗೆ ಬಾಯಿ ಕಟ್ಟುವುದಿಲ್ಲ.

ಈ ಹಾಳೆಗಳು ಹರಿಯದಂತೆ, ಒದ್ದೆಯಾಗದಂತೆ ಜೋಪಾನ ಮಾಡಿ. ಪಂಪು ಇರುವ ಕಡೆಯೇ ಇವೂ ಇರಲಿ, ಎರಡೂ ಕೈಗೆ ಸಿಗುವ ಹಾಗೆ. ದಿಂಬಿನ ಕೆಳಗೆ ಮಾತ್ರ ಬೇಡ.